ಕರೆಯದೆ ಉಳಿದ ಹೆಸರು

ಬೆಳ್ಳಾರೆ
೧೪ ಜೂನ್ ೨೦೨೪

ಮಿಂಚುಳ್ಳಿಯವರಿಗೆ,

ನಿಮ್ಮ ನಿಜವಾದ ಹೆಸರು ಗೊತ್ತಿಲ್ಲ. ಹಾಗಾಗಿ ಕಥೆಯ ಮೇಲೆ ಹಾಕಿಕೊಂಡ ಹಕ್ಕಿಯ ಹೆಸರಿನಲ್ಲೇ ಕರೆಯುತ್ತಿದ್ದೇನೆ. ಕೈಯಲ್ಲಿ ಕಾಗದ ಬರೆದವರಿಗೆ ಉತ್ತರ ಬರೆಯುತ್ತೇನೆ ಎಂದು ನೀವು ಕಡಬದ ಜೆರಾಕ್ಸ್ ಅಂಗಡಿಯ ವಿಳಾಸ ಕೊಟ್ಟದ್ದು ಒಳ್ಳೆಯದಾಯಿತು. ನಿಮ್ಮ ಕಥೆ ಬರುವ ಆ್ಯಪಿನಲ್ಲಿ ಓದುಗರಿಗೆ ಬಿಟ್ಟ ಜಾಗ ನನ್ನ ಬಾಯಿಗೆ ಸಾಲುವುದಿಲ್ಲ.

ನಾನು ಅಹ್ಮದ್ ಕುಂಞಿ. ಹಳೆ ಮನೆ ಕೆಡವಿ ಅದರ ಮರ ಮಾರುವವನು. ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಮಾಡು ಬಿಚ್ಚಿದ್ದೇ ಹೆಚ್ಚು. ಹಳೆ ಮನೆ ಕಂಡರೆ ಉಳಿದವರಿಗೆ ಅಜ್ಜ ಅಜ್ಜಿ ನೆನಪಾಗುತ್ತಾರೆ, ನನಗೆ ತೊಲೆಯ ಉದ್ದ ಕಾಣುತ್ತದೆ. ಮೊಮ್ಮಗಳು ಆಫ್ರಾ ತನಗೆ ಓದಲಿಕ್ಕೆಂದು ನನ್ನ ಮೊಬೈಲಿನಲ್ಲಿ ಆ ಆ್ಯಪ್ ಹಾಕಿದ್ದಳು. ನಾನು ಎಲ್ಲಿಯೋ ಒತ್ತಲು ಹೋಗಿ ನಿಮ್ಮ ‘ಒಳಬಾಗಿಲ ಸೀಮೆ’ಯೊಳಗೆ ಬಿದ್ದೆ. ಈಗ ಮೊಬೈಲ್ ಅವಳಿಗೆ ಸಿಗುವುದಿಲ್ಲ.

ಎಂತ ಕಥೆ ಮಾರಾಯ್ರೆ! ಎರಡು ಹೊಳೆ ಕೂಡುವ ಜಾಗದ ಅಡಿಯಲ್ಲಿ ಒಂದು ರಾಜ್ಯ. ಉಪ್ಪಿನಂಗಡಿ ಎಂದು ನೀವು ಬರೆಯಲಿಲ್ಲ, ಆದರೆ ಆ ನೀರಿನ ಎರಡು ಬಣ್ಣ ನೋಡಿದವನಿಗೆ ಗೊತ್ತಾಗುತ್ತದೆ. ನೆರಳಿನ ಸಂತೆಯ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಕೊಡುವವನೂ ಕೊಳ್ಳುವವನೂ ಹೆಗಲ ಮೇಲಿನ ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುವುದು, ಹೊರಗೆ ಮುಖದಲ್ಲಿ ಮಾತ್ರ ಹವಾಮಾನದ ಸುದ್ದಿ! ಒಂದು ತಪ್ಪು ಉಂಟು. ಮುದುಕನ ನೆರಳು ಮಗುವಿನ ನೆರಳಿಗಿಂತ ಅಗ್ಗ ಎಂದಿದ್ದೀರಿ. ಹಾಗಲ್ಲ. ಹಳೆಯದಕ್ಕೇ ಬೆಲೆ. ಚೆನ್ನಾಗಿ ಒಣಗಿದ್ದು ಮತ್ತೆ ಬಾಗುವುದಿಲ್ಲ. ಬಾಡಿಗೆಗೆ ಹಣದ ಬದಲು ಜನರ ನಗು ತೆಗೆದುಕೊಳ್ಳುವ ದೋಣಿಯವನ ಭಾಗವನ್ನು ನನ್ನ ಹೆಂಡತಿ ಸಫಿಯಾಳಿಗೆ ಓದಿ ಹೇಳಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿ, “ಅಷ್ಟು ದೊಡ್ಡ ರಾಜ್ಯದಲ್ಲಿ ಅವನಿಗೊಂದು ಲೋಟ ಚಾ ಕೊಡುವವರು ಯಾರೂ ಇಲ್ವಾ?” ಎಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ಮನೆಯಲ್ಲಿ ಇಲ್ಲ.

ಮರದ ವಿಷಯದಲ್ಲಂತೂ ನಾನು ಸೋತೆ. ಬಾಗಿಲಿನೊಳಗೆ ಸಿಕ್ಕಿಬಿದ್ದ ಆ ಹನ್ನೆರಡು ವರ್ಷದ ಹುಡುಗಿ ತಾನು ಬೆಳೆಯುತ್ತಿದ್ದೇನೆ ಎಂದು ತನಗೇ ತಿಳಿಯಲಿಕ್ಕೆ ದಾರಂದದಲ್ಲಿ ಉಗುರಿನಿಂದ ಎತ್ತರ ಗೀರುತ್ತಾಳಲ್ಲ, ಅದೂ ಜನರಿಗೆ ಕಾಣುವ ಮೈಯಲ್ಲಿ ಅಲ್ಲ, ಗೋಡೆಯ ಮಣ್ಣಿನೊಳಗೆ ಹುದುಗಿದ ಹಿಂಬದಿಯಲ್ಲಿ. ಬಾಗಿಲ ಚೌಕಟ್ಟಿಗೆ ಅಂಥ ಒಂದು ಮೈ ಉಂಟು ಎಂಬುದೇ ಅದನ್ನು ಕಿತ್ತವರಿಗೆ ಮಾತ್ರ ಗೊತ್ತು. ನಿಮಗೆ ಯಾರು ಹೇಳಿದರು? ಬಾಗಿಲ ಮೇಲೆ ಮೂರು ತಾವರೆ, ಒಂದಕ್ಕೆ ಎಸಳು ಕಡಿಮೆ ಎಂದು ಬೇರೆ ಬರೆದಿದ್ದೀರಿ. ತಮಾಷೆ ಎಂದರೆ ಅಂಥದೇ ಒಂದು ಹಲಸಿನ ಬಾಗಿಲು ನನ್ನ ಶೆಡ್ಡಿನಲ್ಲಿ ಉಂಟು. ಮರ್ಕಂಜದ ಕಡೆಯದ್ದು.

ಕಡೆಗೊಂದು ದೂರು. ಕುದುರೆಗೆ ಹೆಸರಿಟ್ಟಿರಿ, ದೋಣಿಗೆ ಇಟ್ಟಿರಿ, ಅಡುಗೆಯವಳ ಬೆಕ್ಕಿಗೂ ಇಟ್ಟಿರಿ. ಆ ಹುಡುಗಿಗೆ ಯಾಕೆ ಇಡಲಿಲ್ಲ?

ನಿಮ್ಮ ಓದುಗ,
ಅಹ್ಮದ್ ಕುಂಞಿ

*

ಕಡಬ
೨೯ ಜೂನ್ ೨೦೨೪

ಮಾನ್ಯ ಅಹ್ಮದ್ ಕುಂಞಿಯವರಿಗೆ,

ನಿಮ್ಮ ಕಾಗದವನ್ನು ಗಲ್ಲಾದ ಡ್ರಾಯರಿನಲ್ಲಿಟ್ಟು ಗಿರಾಕಿ ಇಲ್ಲದಾಗೆಲ್ಲ ತೆಗೆದು ಓದುತ್ತಿದ್ದೇನೆ. ಇಲ್ಲಿಯವರೆಗೆ ‘ಸೂಪರ್’, ‘ನೆಕ್ಸ್ಟ್ ಯಾವಾಗ’ ಎಂದು ಬರೆದವರು ಇದ್ದಾರೆ, ನೆರಳಿನ ಬೆಲೆ ತಪ್ಪಾಯಿತು ಎಂದವರು ಇಲ್ಲ. ಅದನ್ನು ತಿದ್ದಿದ್ದೇನೆ, ನೋಡಿ. ದೋಣಿಯವನಿಗೆ ಚಾ ಕೂಡ ಸಿಗುತ್ತದೆ ಎಂದು ಸಫಿಯಾ ಅವರಿಗೆ ಹೇಳಿ.

ನಾನು ಕುಮುದಿನಿ. ಜೆರಾಕ್ಸ್ ಅಂಗಡಿ ನನ್ನದೇ. ಜನರ ಆಧಾರ್, ಪಹಣಿ ಪ್ರತಿ ತೆಗೆಯುವ ನಡುವೆ ಟೈಪ್ ಮಾಡುವ ಕಥೆ ಇದು. ನೀವು ಹೇಳಿದ ಬಾಗಿಲಿನ ವಿಷಯ ಓದಿ ನನಗೆ ನಗು ಬಂತು. ಅದು ನಮ್ಮದೇ. ಮರ್ಕಂಜದಲ್ಲಿ ನಮ್ಮ ಹಳೆ ಮನೆ ಕೆಡವಿದಾಗ ಮರವನ್ನೆಲ್ಲ ಬೆಳ್ಳಾರೆಯ ಒಬ್ಬರು ಕೊಂಡುಹೋದರು ಎಂದು ಅಪ್ಪ ಹೇಳಿದ್ದರು. ಅಪ್ಪನ ಹೆಸರು ಡೊಂಬಯ್ಯ, ಈಗ ನನ್ನ ಜೊತೆಯಲ್ಲೇ ಇದ್ದಾರೆ. ಮದುವೆಯಾಗಿ ಕಡಬಕ್ಕೆ ಬಂದಿದ್ದ ನಾನು ಆ ದಿನ ಹೋಗಿರಲಿಲ್ಲ. ತಾವರೆಯನ್ನು ನೆನಪಿನಿಂದ ಬರೆದೆ. ಆ ಎಸಳು ಮುರಿದದ್ದು ನಾನೇ, ಒನಕೆಯಿಂದ.

ಆದರೆ ಹಿಂಬದಿಯ ಗೀರುಗಳು ನನ್ನ ಕಲ್ಪನೆ. ಅದನ್ನು ಯಾರೂ ಹೇಳಿಕೊಡಲಿಲ್ಲ. ಒಂದು ಮಧ್ಯಾಹ್ನ ಮೆಷಿನ್ನಿನ ಬೆಳಕು ಆಚೀಚೆ ಓಡುವುದನ್ನು ನೋಡುತ್ತಿದ್ದಾಗ, ಅವಳು ಎಲ್ಲಿ ನಿಂತಿದ್ದಾಳೆ ಎಂದು ತಟ್ಟನೆ ಗೊತ್ತಾಯಿತು. ಗೋಡೆಯ ಬದಿಯಲ್ಲಿ.

ಹೆಸರಿನ ವಿಷಯ. ಇಟ್ಟು ನೋಡಿದೆ. ಒಂದಲ್ಲ, ಹತ್ತಾರು. ಯಾವುದನ್ನು ಟೈಪ್ ಮಾಡಿದರೂ ಅವಳು ತಿರುಗಿ ನೋಡುವುದಿಲ್ಲ. ಹೆಸರಿಲ್ಲದೆ ಅವಳನ್ನು ಹೊರಗೆ ತರಲಿಕ್ಕೆ ಆಗುವುದಿಲ್ಲ, ಹೊರಗೆ ತಾರದೆ ಕಥೆ ಮುಗಿಯುವುದಿಲ್ಲ.

ತಮಾಷೆಗೆ ಕೇಳುತ್ತೇನೆ. ನಿಮ್ಮಲ್ಲಿರುವ ದಾರಂದದ ಹಿಂಬದಿಯನ್ನು ಒಮ್ಮೆ ನೋಡುತ್ತೀರಾ?

ವಂದನೆಗಳೊಂದಿಗೆ,
ಕುಮುದಿನಿ

*

ಬೆಳ್ಳಾರೆ
೨೩ ಜುಲೈ ೨೦೨೪

ಕುಮುದಿನಿಯವರೇ,

ಉತ್ತರ ತಡವಾಯಿತು. ಮಳೆ ಎಂದು ಬರೆಯಬಹುದು, ಆದರೆ ಮಳೆಗೆ ನನ್ನ ಶೆಡ್ಡಿನ ಶೀಟು ಹೆದರುವುದಿಲ್ಲ. ನೋಡಿದ ಮೇಲೆ ಬರೆಯಬೇಕೋ ಬೇಡವೋ ಎಂದು ಕೂತಿದ್ದೆ.

ಆ ದಾರಂದ ಗೋಡೆಗೆ ಒರಗಿ ನಿಂತಿತ್ತು. ನನ್ನ ಕೆಲಸದ ಹುಡುಗರು ಜಾಸಿರ್ ಮತ್ತು ರಕ್ಷಿತ್ ಹಿಡಿದು ತಿರುಗಿಸಿದರು. ಮೊದಲು ಒಂದು ವಿಷಯ ಹೇಳಬೇಕು. ಮನೆ ಕಿತ್ತ ದಿನವೇ ನಾನು ದಾರಂದದ ಹಿಂಬದಿಗೆ ಗೇರೆಣ್ಣೆ ಬಳಿಯುತ್ತೇನೆ, ಗೆದ್ದಲು ಹತ್ತದ ಹಾಗೆ. ಬಳಿದ ಮೈ ಇದ್ದಲಿನ ಹಾಗೆ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೀರುಗಳಿದ್ದವು. ಅಡ್ಡಕ್ಕೆ, ಒಂದರ ಮೇಲೊಂದು, ಮೊಣಕಾಲಿನ ಕೆಳಗಿನಿಂದ ನನ್ನ ಎದೆಯ ತನಕ. ಹಲಸಿನ ಮರ ಒಳಗೆ ಹಳದಿ. ಗೀರಿದಲ್ಲೆಲ್ಲ ಆ ಹಳದಿ ಕಾಣುತ್ತಿತ್ತು. ಅಂದರೆ ಗೀರಿದ್ದು ಎಣ್ಣೆ ಬಳಿದ ಮೇಲೆ, ಮರ ನನ್ನ ಕೈಗೆ ಬಂದ ನಂತರ. ಕೆಳಗಿನವು ಮಾಸಿವೆ. ಎಲ್ಲಕ್ಕಿಂತ ಮೇಲಿನದ್ದರ ಅಂಚಿನಲ್ಲಿ ಮರದ ಹುಡಿ ಇನ್ನೂ ಅಂಟಿಕೊಂಡಿತ್ತು.

ಜಾಸಿರ್, “ಇಲಿ ಇರ್ಬೇಕು ಅಹ್ಮದಾಕ” ಎಂದ. “ಸ್ಕೇಲ್ ಹಿಡಿದು ಗೀರುವ ಇಲಿ ಆದರೆ ನಿನಗಿಂತ ಹೆಚ್ಚು ಸಂಬಳ ಕೊಟ್ಟು ಇಟ್ಟುಕೊಳ್ತೇನೆ” ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಈ ಬಾಗಿಲಿನ ಚರಿತ್ರೆ ಇನ್ನೂ ಉಂಟು. ಎರಡು ಸಲ ಮಾರಿದ್ದೇನೆ, ಎರಡು ಸಲವೂ ವಾಪಸ್ ಬಂದಿದೆ. ಮೊದಲು ಕೊಂಡವರು ಘಟ್ಟದ ಮೇಲೆ ಹೋಮ್‌ಸ್ಟೇ ಇಟ್ಟವರು. ಬಾಗಿಲು ತೆರೆದೇ ಇರುವಾಗ ಯಾರೋ ತಟ್ಟುತ್ತಾರೆ ಎಂದರು. ಎಲ್ಲಿ ತಟ್ಟುವುದು ಎಂದು ಕೇಳಿದೆ. ಮೊಣಕಾಲಿನ ಹತ್ತಿರ ತೋರಿಸಿದರು. ಕೆಲವು ವರ್ಷ ಬಿಟ್ಟು ದುಬೈಯಿಂದ ಬಂದ ಪುತ್ತೂರಿನ ನವಾಝ್ ಹೊಸ ಮನೆಗೆ ಕೊಂಡುಹೋದ. ಅವನದೂ ಅದೇ ಮಾತು, ಆದರೆ ಅವನು ಕೈ ಇಟ್ಟು ತೋರಿಸಿದ್ದು ಸೊಂಟದ ಹತ್ತಿರ. ಗಿರಾಕಿಯ ನೆಪ ಎಂದು ಆಗ ನಾನು ಬೈದುಕೊಂಡೆ. ಇಬ್ಬರೂ ತೋರಿಸಿದ ಎತ್ತರವನ್ನು ಈಗ ಒಟ್ಟಿಗೆ ಇಟ್ಟು ನೋಡುತ್ತಿದ್ದೇನೆ.

ಮತ್ತೊಂದು ಸಂಗತಿ. ಈ ಕೆಲಸ ನನಗೆ ಕಲಿಸಿದ್ದು ಕುಕ್ಕಪ್ಪ ಆಚಾರಿ. ಅವರ ಒಂದು ಪದ್ಧತಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಮಾಡು, ತೊಲೆ, ಕಿಟಕಿ ಎಲ್ಲ ಬಿಚ್ಚಿ ಕಡೆಗೆ ಹೆಬ್ಬಾಗಿಲ ದಾರಂದ ಒಂದೇ ನಿಂತಿರುವಾಗ, ಮನೆಯವರು ಅಂಗಳದಲ್ಲಿ ನಿಂತು ಆ ಮನೆಯಲ್ಲಿ ಬದುಕಿದವರನ್ನೆಲ್ಲ ಹೆಸರು ಹಿಡಿದು ಹೊರಗೆ ಕರೆಯಬೇಕು. ಇದ್ದವರನ್ನೂ ಕರೆಯಬೇಕು, ಸತ್ತವರನ್ನೂ ಕರೆಯಬೇಕು. ಆಮೇಲೆಯೇ ದಾರಂದಕ್ಕೆ ಹಾರೆ ಹಾಕುವುದು. ಇಲ್ಲದಿದ್ದರೆ ಒಳಗಿದ್ದವರು ಮರ ಹಿಡಿದುಕೊಂಡೇ ಬರುತ್ತಾರೆ ಎಂದು ಕುಕ್ಕಪ್ಪ ಹೇಳುತ್ತಿದ್ದರು. ನಿಮ್ಮ ಮನೆ ಕೆಡವಿ ಹನ್ನೆರಡು ವರ್ಷವಾಯಿತು, ಆದರೂ ನಿಮ್ಮ ಅಪ್ಪ ಕರೆದದ್ದು ನನಗೆ ನೆನಪುಂಟು. ಅಜ್ಜ, ಅಜ್ಜಿ, ನಿಮ್ಮ ಅಮ್ಮ, ನೀವು, ಕಡೆಗೆ ನಾಯಿಯನ್ನೂ ಕರೆದರು. ನಾಯಿಯನ್ನು ಕರೆದ ಮನುಷ್ಯ ಯಾರನ್ನೂ ಬಿಡುವವನಲ್ಲ ಎಂದು ನಾನೇ ಹಾರೆ ಹಾಕಿಸಿದೆ.

ಅವರ ಹತ್ತಿರ ಕೇಳಿ ನೋಡಿ. ಕರೆಯುವಾಗ ಯಾರದಾದರೂ ಹೆಸರು ಬಿಟ್ಟು ಹೋಯಿತಾ?

ಅಹ್ಮದ್ ಕುಂಞಿ

*

ಕಡಬ
೧೮ ಆಗಸ್ಟ್ ೨೦೨೪

ಅಹ್ಮದಾಕ,

ಹೀಗೆ ಕರೆಯಬಹುದಲ್ಲ?

ಅಪ್ಪನಲ್ಲಿ ಕೇಳಿದೆ. ಗಂಜಿ ಊಟದ ಹೊತ್ತು. ನಿಮ್ಮ ಕಾಗದವನ್ನು ಓದಿ ಹೇಳಿದೆ. ಅವರು ಉಪ್ಪಿನಕಾಯಿಯ ಮಾವಿನ ಹೋಳನ್ನು ಬಟ್ಟಲ ಅಂಚಿಗೆ ಇಟ್ಟರು.

“ನಿನ್ನ ನಂತರ ಒಂದು ಹುಟ್ಟಿತ್ತು” ಎಂದರು. “ಹೆಣ್ಣು.”

ನನಗೆ ಗೊತ್ತೇ ಇರಲಿಲ್ಲ. ಆಗ ನನಗೆ ನಾಲ್ಕು ವರ್ಷವಂತೆ. ಅಮ್ಮ ಕೆಲವು ದಿನ ಒಳಗಿನ ಕೋಣೆಯಿಂದ ಹೊರಗೆ ಬರದೆ ಇದ್ದದ್ದು, ನನ್ನನ್ನು ಸೋದರತ್ತೆಯ ಮನೆಗೆ ಕಳಿಸಿದ್ದು ಮಸುಕಾಗಿ ನೆನಪುಂಟು. ವಾಪಸ್ ಬಂದಾಗ ಅಮ್ಮ ಎಂದಿನ ಹಾಗೆ ಭತ್ತ ಕುಟ್ಟುತ್ತಿದ್ದಳು. ಮಗು ಹೆಸರಿಡುವ ದಿನದ ಮೊದಲೇ ಹೋಯಿತು. ಮನೆಯಲ್ಲಿ ಮತ್ತೆ ಆ ಮಾತೇ ಬರಲಿಲ್ಲ. ಅಮ್ಮ ಸಾಯುವವರೆಗೂ ಬರಲಿಲ್ಲ.

“ಮತ್ತೆ ಯಾಕೆ ಕರೆಯಲಿಲ್ಲ ಅಪ್ಪ?”

“ಹೆಸರಿಡದ ಮಗುವನ್ನು ಎಂತ ಹೇಳಿ ಕರೆಯುದು?”

ಅದೇ ತಪ್ಪಿದ್ದು, ಅಹ್ಮದಾಕ. ನಾಯಿಗೆ ಹೆಸರಿತ್ತು, ಅದು ಹೊರಗೆ ಬಂತು.

ಅಂದಿನಿಂದ ನನಗೆ ಒಂದು ಸಾಲೂ ಬರೆಯಲಿಕ್ಕೆ ಆಗುತ್ತಿಲ್ಲ. ಕಥೆಯಲ್ಲಿ ಅವಳು ಬಾಗಿಲ ಆಚೆ ನಿಂತಿದ್ದಾಳೆ, ಕೈ ಎತ್ತಿದ್ದಾಳೆ. ಆ ಎತ್ತಿದ ಕೈಯನ್ನು ಬಿಟ್ಟು ನಾನು ಎದ್ದು ಬಂದಿದ್ದೇನೆ. ಆ ಮನೆಯಲ್ಲಿದ್ದಾಗ ಅವಳು ಬೆಳೆಯಲಿಲ್ಲ, ಅಲ್ಲವೇ? ಅಮ್ಮ ಇದ್ದಳು, ನಾವೆಲ್ಲ ಇದ್ದೆವು, ಮಲಗಿಯೇ ಇದ್ದಿರಬೇಕು. ಕಿತ್ತ ಮೇಲೆ ಎದ್ದದ್ದು. ಹನ್ನೆರಡು ವರ್ಷ. ನನ್ನ ಕಥೆಯ ಹುಡುಗಿಗೂ ಹನ್ನೆರಡು ಎಂದು ನಾನು ಬರೆದದ್ದು ನಿಮ್ಮ ಕಾಗದ ಬರುವ ಎಷ್ಟೋ ಮೊದಲು.

ಓದುವವರು ಬೈಯುತ್ತಿದ್ದಾರೆ. ಬೈಯಲಿ.

ಕುಮುದಿನಿ

*

ಬೆಳ್ಳಾರೆ
೯ ಸೆಪ್ಟೆಂಬರ್ ೨೦೨೪

ಕುಮುದಿನಿ,

ಬೈದವರಲ್ಲಿ ನಾನೂ ಒಬ್ಬ ಎಂದು ತಿಳಿಯಿರಿ. ಆದರೆ ನನ್ನ ಕಾರಣ ಬೇರೆ.

ನೀವು ಬರೆಯುವುದು ನಿಲ್ಲಿಸಿದ ಮೇಲೆ ಇಲ್ಲಿ ಸದ್ದು ಶುರುವಾಗಿದೆ. ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತಾಗ, ಗರಗಸ ನಿಂತಾಗ. ಟಕ್, ಟಕ್. ಸಿಟ್ಟಿನಿಂದ ಅಲ್ಲ. ನಮ್ಮ ಮನೆ ಮಕ್ಕಳು ಬಚ್ಚಲ ಬಾಗಿಲು ತಟ್ಟುವ ಹಾಗೆ, ‘ಎಷ್ಟು ಹೊತ್ತು’ ಎಂದು ಕೇಳುವ ಹಾಗೆ. ರಕ್ಷಿತ್ ಬುತ್ತಿ ತೆಗೆದುಕೊಂಡು ರಸ್ತೆ ಬದಿಗೆ ಹೋಗಿ ಉಣ್ಣುತ್ತಾನೆ. ಜಾಸಿರ್ ಗಲ್ಫಿಗೆ ವೀಸಾ ಮಾಡಿಸುವ ಮಾತಾಡುತ್ತಿದ್ದಾನೆ, ನಿನ್ನೆಯವರೆಗೆ ಅವನಿಗೆ ಪುತ್ತೂರೇ ದೂರ.

ಮಸೀದಿಯ ಉಸ್ತಾದರಲ್ಲಿ ಹೇಳಿದೆ. ಅವರು ಓದಿ ದುಆ ಮಾಡಿದರು. ಆಮೇಲೆ, “ಅಹ್ಮದ್ ಕುಂಞಿ, ಇದು ಹೆದರಿಸಲಿಕ್ಕೆ ಬಂದದ್ದಲ್ಲ, ಯಾರನ್ನೋ ಕಾಯುದು. ಕಾಯುವವರಿಗೆ ಅವರ ಜನವೇ ಬರಬೇಕು” ಎಂದರು.

ನಿನ್ನೆ ಸಫಿಯಾ ನನಗೆ ಗೊತ್ತಿಲ್ಲದೆ ಶೆಡ್ಡಿಗೆ ಹೋಗಿ ಆ ಬಾಗಿಲ ಎದುರು ಸ್ಟೂಲು ಹಾಕಿ ಕೂತಿದ್ದಳು. ಎಂತ ಮಾಡ್ತಿ ಎಂದರೆ, “ನಿಮಗೆ ಓದಿ ಹೇಳ್ಲಿಕ್ಕೆ ಬರ್ತದೆ, ನನಗೆ ಬಾಯಲ್ಲೇ ಬರುದು. ದೋಣಿಯವನ ಕಥೆ ಹೇಳ್ತಾ ಇದ್ದೆ. ಕೇಳ್ತದೆ ಅದು” ಎಂದಳು. ಅವಳು ಹೇಳುವಷ್ಟು ಹೊತ್ತು ಸದ್ದು ಇರಲಿಲ್ಲವಂತೆ.

ಇನ್ನು ಕಾಗದ ಬರೆದು ಪ್ರಯೋಜನ ಇಲ್ಲ. ಅಪ್ಪನನ್ನು ಕರೆದುಕೊಂಡು ಬನ್ನಿ. ದಾರಂದವನ್ನು ಅಂಗಳದಲ್ಲಿ ನೆಟ್ಟು ನಿಲ್ಲಿಸಿರುತ್ತೇನೆ.

ಅಹ್ಮದ್ ಕುಂಞಿ

*

ಬೆಳ್ಳಾರೆ
೨೧ ಅಕ್ಟೋಬರ್ ೨೦೨೪

ಕುಮುದಿನಿ,

ನೀವು ಬಂದು ಹೋಗಿ ವಾರ ದಾಟಿತು. ಒಂದು ಫೋನ್ ಇಲ್ಲ, ಕಾಗದ ಇಲ್ಲ. ನಿಮ್ಮ ಕಥೆಯ ಪುಟವನ್ನು ದಿನಾ ತೆರೆದು ನೋಡುತ್ತೇನೆ. ಎತ್ತಿದ ಕೈ ಹಾಗೆಯೇ ಉಂಟು. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅಂಗಳದ ನಡುವೆ ಗೋಡೆ ಇಲ್ಲದೆ ನಿಂತ ಒಂದು ಬಾಗಿಲು ನೋಡುವವರಿಗೆ ಹುಚ್ಚಾಟದ ಹಾಗೆ ಕಂಡಿರಬೇಕು. ರಸ್ತೆಯಲ್ಲಿ ಹೋಗುತ್ತಿದ್ದ ಹಸನಬ್ಬ ಸ್ಕೂಟರ್ ನಿಲ್ಲಿಸಿ, “ಎಂತ ಅಹ್ಮದಾಕ, ಆಕಾಶಕ್ಕೆ ಮನೆ ಕಟ್ಟುದಾ?” ಎಂದು ಕೇಳಿದ್ದು ನಿಮಗೂ ಕೇಳಿತು. ನಾನು ಬಾಯಿಗೆ ಬಂದದ್ದು ಹೇಳಿ ಕಳಿಸಿದೆ. ಆದರೆ ನಿಮ್ಮ ಅಪ್ಪ ಅದರ ಎದುರು ನಿಂತಾಗ ನನಗೆ ಅದರ ಹಿಂದೆ ಮರ್ಕಂಜದ ಆ ಇಡೀ ಮನೆ ಇದ್ದ ಹಾಗೆ ತೋರಿತು. ಒಳಗೆ ಕತ್ತಲೆ, ತಂಪು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಆ ಚೌಕಟ್ಟಿನಿಂದ ನನ್ನ ಕಾಲಿಗೆ ತಣ್ಣಗಿನ ಗಾಳಿ ಬಡಿಯಿತು, ಸೆಗಣಿ ಸಾರಿಸಿದ ನೆಲದ ವಾಸನೆ ಬಂತು. ನೀವು ಸೆರಗು ಹೊದ್ದುಕೊಂಡದ್ದನ್ನು ನಾನು ನೋಡಿದೆ.

ಡೊಂಬಯ್ಯನವರು ಹೇಳಿದ ಮಾತು ಕಿವಿಯಲ್ಲಿ ಇನ್ನೂ ಉಂಟು. “ಅವಳ ಅಮ್ಮ ಒಂದು ಹೆಸರಿನಲ್ಲಿ ಕರೀತಾ ಇದ್ದಳು. ಹಾಲು ಕೊಡುವಾಗ, ಮೆತ್ತಗೆ. ನಾನು ಒಂದು ಸಲವೂ ಕರೀಲಿಲ್ಲ. ಹೆಸರಿಡುವ ದಿನ ಕರೆದ್ರಾಯ್ತು ಅಂತ.” ಹಾಗೆ ಹೇಳಿ ದಾರಂದಕ್ಕೆ ಹಣೆ ತಾಗಿಸಿ, ಮರಕ್ಕೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಕರೆದರು. ಪಕ್ಕದಲ್ಲೇ ನಿಂತ ನಿಮಗೂ ಕೇಳಿಸಲಿಲ್ಲ. ನೀವು “ಎಂತ ಅಪ್ಪ? ಎಂತ ಹೆಸರು?” ಎಂದು ಭುಜ ಹಿಡಿದು ಕೇಳಿದಿರಿ. ಅವರು ಇಲ್ಲ ಎಂದು ತಲೆಯಾಡಿಸಿದರು. ಅಷ್ಟೆ.

ನಾನು ಏನಾದರೂ ಆಗುತ್ತದೆ ಎಂದು ಕಾದೆ. ಸತ್ಯ ಹೇಳುತ್ತೇನೆ, ನಿಮ್ಮ ಕಥೆಯಲ್ಲಿ ಆಗುವಂಥದ್ದು. ಬಾಗಿಲು ಉರಿಯುವುದು, ನೀರು ಉಕ್ಕುವುದು. ಒಂದು ಕಾಗೆ ಕೂಡ ಕೂಗಲಿಲ್ಲ. ನೀವಿಬ್ಬರೂ ಚಾ ಕುಡಿದು ಬಸ್ಸಿಗೆ ಹೋದಿರಿ.

ಆದರೆ ಆ ದಿನದಿಂದ ಇಲ್ಲಿ ಸದ್ದಿಲ್ಲ. ರಕ್ಷಿತ್ ಶೆಡ್ಡಿನೊಳಗೇ ಉಣ್ಣುತ್ತಾನೆ. ಜಾಸಿರನ ವೀಸಾದ ಮಾತು ನಿಂತಿದೆ. ದಾರಂದವನ್ನು ಬೆರಳಿನಿಂದ ತಟ್ಟಿ ನೋಡಿದೆ. ಒಳಗೆ ಟೊಳ್ಳಿದ್ದ ಮರಕ್ಕೂ ಗಟ್ಟಿ ಮರಕ್ಕೂ ಸದ್ದು ಬೇರೆ, ಅದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಅದು ಗಟ್ಟಿ ಮರ.

ಹೊರಗೆ ಬಂದಿದ್ದಾಳೆ ಎಂದು ನನಗೆ ಖಾತ್ರಿ. ಆದರೆ ಎಲ್ಲಿಗೆ ಹೋದಳು ಎಂದು ಗೊತ್ತಿಲ್ಲ. ಸಫಿಯಾ ದಿನಾ ಕೇಳುತ್ತಾಳೆ, “ಆ ಮಗು ಮನೆ ಸೇರಿತಾ?” ನನ್ನ ಬಾಯಿಗೆ ಉತ್ತರ ಸಿಗದ ಪ್ರಶ್ನೆ ಅಪರೂಪ. ನೀವಾದರೂ ಹೇಳಿ.

ಅಹ್ಮದ್ ಕುಂಞಿ

*

ಕಡಬ
೪ ನವೆಂಬರ್ ೨೦೨೪

ಅಹ್ಮದಾಕ,

ಕೊನೆಯ ಅಧ್ಯಾಯವನ್ನು ಇವತ್ತು ಬೆಳಿಗ್ಗೆ ಹಾಕಿದ್ದೇನೆ. ಅದರಲ್ಲಿ ಅವಳಿಗೆ ಹೆಸರುಂಟು. ನೀವು ಅದನ್ನು ಓದುವ ಮೊದಲು ಆ ಹೆಸರು ನನಗೆ ಹೇಗೆ ಸಿಕ್ಕಿತು ಎಂದು ನಿಮಗೆ, ಸಫಿಯಾ ಅವರಿಗೆ ಹೇಳಬೇಕು. ಬೇರೆ ಯಾರಲ್ಲಿ ಹೇಳಿದರೂ ಇದನ್ನೂ ಕಥೆಗೇ ಸೇರಿಸುತ್ತಾರೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೂ ಅದೇ ಕಾರಣ.

ನಿಮ್ಮಲ್ಲಿಂದ ಹೊರಟು ಸರಕಾರಿ ಬಸ್ಸು ಹತ್ತಿದೆವು. ಅಪ್ಪನಿಗೆ ಮುಂದೆ ಒಂಟಿ ಸೀಟು ಸಿಕ್ಕಿತು. ನಾನು ಅವರ ಹಿಂದಿನ ಸೀಟಿನಲ್ಲಿ ಕೂತೆ. ಕಿಟಕಿಯ ಬದಿ ಖಾಲಿ ಇತ್ತು. ಯಾಕೋ ನಾನು ಆ ಕಡೆಗೆ ಸರಿಯಲಿಲ್ಲ, ಅಂಚಿನಲ್ಲೇ ಕೂತೆ. ನಿಂತಿಕಲ್ಲು ದಾಟಿದ ಮೇಲೆ ಕಂಡಕ್ಟರ್ ಬಂದ. ಆಧಾರ್ ತೋರಿಸಿದೆ. ಹೆಂಗಸರ ಉಚಿತ ಚೀಟಿ ಹರಿದು ಕೊಟ್ಟ. ಮುಂದೆ ಹೋಗಲಿಲ್ಲ.

“ಇವಳದ್ದು?” ಎಂದ.

“ಯಾರದ್ದು?”

“ನಿಮ್ಮ ಮಗಳದ್ದಕ್ಕ. ಆಧಾರ್ ಉಂಟಾ? ಇಲ್ಲದಿದ್ರೆ ಹಾಫ್ ಟಿಕೆಟ್ ಮಾಡ್ಬೇಕಾಗ್ತದೆ.”

ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ದಿನಾ ನೂರು ಜನರ ಆಧಾರ್ ಪ್ರತಿ ತೆಗೆಯುವ ನಾನು, “ಇವಳಿಗೆ ಇನ್ನೂ ಮಾಡಿಸಲಿಲ್ಲ” ಎಂದೆ. “ತಂಗಿ. ಮಗಳಲ್ಲ.”

“ಇಷ್ಟು ಸಣ್ಣ ತಂಗಿಯಾ!” ಎಂದು ಅವನು ನಕ್ಕ. ಮೆಷಿನ್ನಿನಲ್ಲಿ ಹಾಫ್ ಟಿಕೆಟ್ ಒತ್ತುತ್ತಾ, ಕಿಟಕಿಯ ಕಡೆಗೆ ಬಗ್ಗಿ, ಮಕ್ಕಳಲ್ಲಿ ಮಾತಾಡುವ ದನಿಯಲ್ಲಿ ಕೇಳಿದ. “ನಿನ್ನ ಹೆಸರು ಎಂತ ಪುಟ್ಟಾ?”

ಹೇಳಲಿಕ್ಕೆ ನನ್ನಲ್ಲಿ ಹೆಸರಿರಲಿಲ್ಲ. ಬಸ್ಸಿನ ಗಡಗಡದಲ್ಲಿ ಬೇರೆ ಏನೂ ನನಗೆ ಕೇಳಿಸಲಿಲ್ಲ.

ಕಂಡಕ್ಟರನ ಮುಖ ಅರಳಿತು. “ಪೂವಕ್ಕನಾ? ಈಗ ಯಾರೂ ಇಡುದಿಲ್ಲ ಅಂಥ ಹೆಸರು. ನಮ್ಮ ಅಜ್ಜಿದೂ ಅದೇ.”

ಮುಂದಿನ ಸೀಟಿನಲ್ಲಿ ಅಪ್ಪ ತಿರುಗಲಿಲ್ಲ. ಅವರ ಕುತ್ತಿಗೆ ಬಗ್ಗಿತು, ಎರಡು ಭುಜವೂ ಅಲುಗಲಿಕ್ಕೆ ಶುರುವಾಯಿತು. ಆ ಹೆಸರು ಸರಿಯೋ ಎಂದು ನಾನು ಮತ್ತೆ ಕೇಳಬೇಕಾಗಿ ಬರಲಿಲ್ಲ.

ಕಡಬದಲ್ಲಿ ಅಪ್ಪ ಮೊದಲು ಇಳಿದರು, ಆಮೇಲೆ ನಾನು. ನಾನು ಇಳಿದ ಮೇಲೂ ಅವರು ಬಸ್ಸಿನ ಬಾಗಿಲ ಕಡೆಗೆ ಕೈ ಚಾಚಿಯೇ ನಿಂತಿದ್ದರು. “ಬಾ ಪೂವಕ್ಕ” ಎಂದರು. ಈ ಸಲ ಇಡೀ ಬಸ್ಸಿಗೆ ಕೇಳುವ ಹಾಗೆ. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡು, ಊದದೆ, ಮೆಟ್ಟಿಲನ್ನೇ ನೋಡುತ್ತಾ ಕಾದ. ಮೇಲಿನ ಮೆಟ್ಟಿಲು. ನಡುವಿನದ್ದು. ಕೆಳಗಿನದ್ದು.

ಆಮೇಲೆ ಸೀಟಿ ಊದಿದ.

ನಿಮ್ಮ,
ಕುಮುದಿನಿ